ನವನಗರದ ಸುತ್ತಲಿನ ಗುಡ್ಡಗಳು: ಇದು ಯಾವ ಕಲ್ಲು, ಇದರ ಮೇಲೆ ಪಾರ್ಕ್ ಬೇಕಾ?

ನವನಗರ ವಾಕರ್

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಕಡೆಯವರು ಯಾರಾದರೂ ಇದ್ದರೆ ಎರಡು ಪ್ರಶ್ನೆ ಇವೆ.

ಮೊದಲನೆಯದು. ನಮ್ಮ ನವನಗರ, ಅಂದರೆ ಬಾಗಲಕೋಟೆಯ ಹೊಸ ಊರಿನ ಸುತ್ತ ಇರುವ ಸಣ್ಣ ಗುಡ್ಡದ ಸಾಲು ನೋಡಿದ್ದೀರಲ್ಲ. ಎತ್ತರ ಅಂತ ಏನಿಲ್ಲ, ಬೆವರು ಬರುವಷ್ಟರಲ್ಲಿ ತುದಿ ಸಿಗುತ್ತದೆ. ಆದರೆ ಒಂದು ವಿಚಿತ್ರ. ಒಂದು ಕಡೆಯಿಂದ ಹತ್ತಿದರೆ ಆರಾಮ, ಇನ್ನೊಂದು ಕಡೆ ಕಡಿದಾದ ಇಳಿಜಾರು, ಕಾಲಿಗೆ ಸಿಕ್ಕ ಕಲ್ಲೆಲ್ಲ ಉರುಳುತ್ತದೆ. ಕಲ್ಲಿನ ಪದರಗಳು ಓರೆಯಾಗಿ ನೆಲದೊಳಗೆ ಇಳಿದಿವೆ. ಬಾದಾಮಿಯಲ್ಲಿ ಹೀಗಿಲ್ಲ. ಅಲ್ಲಿ ಪದರಗಳು ನೆಲಕ್ಕೆ ಸಮವಾಗಿ ಮಲಗಿವೆ. ಊರಿಂದ ಊರಿಗೆ ಬಸ್ಸಿನಲ್ಲಿ ಒಂದು ತಾಸು ಅಷ್ಟೇ. ಇಷ್ಟರಲ್ಲೇ ಯಾಕೆ ಹೀಗೆ?

ಎರಡನೆಯದು. ನಮ್ಮ ಕಡೆ ಗುಡ್ಡದ ಮೇಲೆ ಪಾರ್ಕ್ ಮಾಡಿಸಬೇಕು ಅಂತ ಮನೆಮನೆಗೆ ಬಂದು ಸಹಿ ಹಾಕಿಸುತ್ತಿದ್ದಾರೆ. ಪೇವರ್ ಹಾದಿ, ಹುಲ್ಲುಹಾಸು, ಕಾರಂಜಿ, ಓಪನ್ ಜಿಮ್, ಒಂದು ಸೆಲ್ಫಿ ಪಾಯಿಂಟ್. ನಾನು ಇನ್ನೂ ಸಹಿ ಹಾಕಿಲ್ಲ. ಬೇಡ ಅಂತಲೂ ಹೇಳಿಲ್ಲ. ನಿಮಗೇನನಿಸುತ್ತದೆ?

ಬಾದಾಮಿ ಹುಡುಗ

ಸಹಿ ಹಾಕಿಬಿಡಿ ಅಣ್ಣಾ. ಏನೂ ಇಲ್ಲದ ಬೋಳು ಗುಡ್ಡ ಅದು. ಸುಮ್ನೆ ಬಿದ್ದಿರೋದಕ್ಕಿಂತ ಜನಕ್ಕೆ ಉಪಯೋಗ ಆದರೆ ತಪ್ಪೇನು?

ಕಲ್ಲು ಮಣ್ಣು

ಪಾರ್ಕಿನ ಮಾತು ಆಮೇಲೆ. ಮೊದಲ ಪ್ರಶ್ನೆ ಬಹಳ ಚೆನ್ನಾಗಿದೆ, ಅದಕ್ಕೆ ಉತ್ತರ ಕೊಡುತ್ತೇನೆ. ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ನಿಮ್ಮ ಗುಡ್ಡದ ಕಲ್ಲು ಮತ್ತು ಬಾದಾಮಿ ಕಲ್ಲು ಎರಡೂ ಮೂಲತಃ ಮರಳೇ. ಎರಡೂ ಒಂದೇ ದೊಡ್ಡ ತಗ್ಗಿನಲ್ಲಿ ಕೂತದ್ದು. ಇದಕ್ಕೆ ಕಲಾದಗಿ ಜಲಾನಯನ ಅಂತ ಹೆಸರು. ಕಣ್ಣಿಗೆ ಕಾಣುವಷ್ಟೇ ಸುಮಾರು 8,000 ಚದರ ಕಿಲೋಮೀಟರ್ ಹರಡಿದೆ. ಉತ್ತರಕ್ಕೆ ಹೋದಂತೆ ಲಾವಾ ಕಲ್ಲಿನ ಕೆಳಗೆ ಮುಚ್ಚಿಹೋಗಿದೆ. ಬ್ರಿಟಿಷ್ ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್ ಈ ಭಾಗವನ್ನೆಲ್ಲ ಓಡಾಡಿ 1876ರಲ್ಲಿ ವರದಿ ಪ್ರಕಟಿಸಿದ. ಆಗ ಕಲಾದಗಿಯೇ ಜಿಲ್ಲಾ ಕೇಂದ್ರ. 1885ರಲ್ಲಿ ಅದು ವಿಜಯಪುರಕ್ಕೆ ಹೋಯಿತು. ಕಲಾದಗಿಗೆ ಈಗ ಉಳಿದದ್ದು ಚಿಕ್ಕು, ದಾಳಿಂಬೆ ಮತ್ತು ಭೂಗರ್ಭಶಾಸ್ತ್ರದ ಪುಸ್ತಕದಲ್ಲಿ ಈ ಹೆಸರು.

ಈಗ ಮುಖ್ಯ ವಿಷಯ. ಈ ತಗ್ಗು ಎರಡು ಸಲ ತುಂಬಿತು. ಮೊದಲ ಸಲ ತುಂಬಿದ ಮರಳು, ಕೆಸರು, ಸುಣ್ಣವೆಲ್ಲ ಕಲ್ಲಾಯಿತು. ಅದು ಬಾಗಲಕೋಟೆ ಗುಂಪು. ನೂರು ಕೋಟಿ ವರ್ಷಕ್ಕಿಂತ ಹಳೆಯದು. ಆಮೇಲೆ ನೆಲ ಅದನ್ನು ಎರಡೂ ಕಡೆಯಿಂದ ಒತ್ತಿತು. ನೆಲದ ಮೇಲೆ ಹಾಸಿದ ಕಂಬಳಿಯನ್ನು ಎರಡು ತುದಿಯಿಂದ ನೂಕಿದರೆ ಹೇಗೆ ಮಡಿಕೆ ಏಳುತ್ತದೋ ಹಾಗೆ ಪದರಗಳು ಮಡಿಕೆ ಬಿದ್ದವು. ಮಡಿಕೆಗಳ ಓಟ ಹೆಚ್ಚುಕಡಿಮೆ ಪೂರ್ವ ಪಶ್ಚಿಮ. ಅದಕ್ಕೇ ನಿಮ್ಮ ಗುಡ್ಡಗಳು ಅಡ್ಡಡ್ಡ ಸಾಲಾಗಿ ನಿಂತಿವೆ.

ಮಡಿಕೆಯ ತಲೆಗಳು ಕಾಲಾಂತರದಲ್ಲಿ ಸವೆದು ಹೋದವು. ಅದರೊಳಗಿನ ಮೆತ್ತನೆಯ ಜೇಡಿಗಲ್ಲು, ಸುಣ್ಣಕಲ್ಲು ಬೇಗ ಕರಗಿ ತಗ್ಗಾಯಿತು. ಮರಳೇ ಬೆಸೆದು ಗಟ್ಟಿಯಾದ ಕ್ವಾರ್ಟ್ಜೈಟ್ ಕಲ್ಲು ಮಾತ್ರ ಎದ್ದು ನಿಂತಿತು. ನೀವು ಆರಾಮಾಗಿ ಹತ್ತುವ ಕಡೆ ಪದರದ ಬೆನ್ನು, ಕಾಲು ಜಾರುವ ಕಡೆ ಪದರದ ಮುರಿದ ಅಂಚು. ಇಷ್ಟೇ ಗುಟ್ಟು.

ಇದೆಲ್ಲ ಆಗಿ ಬಹಳ ಕಾಲದ ಮೇಲೆ ಅದೇ ತಗ್ಗಿನಲ್ಲಿ ಮತ್ತೆ ಮರಳು ಬಂದು ಕೂತಿತು. ಅದು ಬಾದಾಮಿ ಗುಂಪು. ಅದನ್ನು ಆಮೇಲೆ ಯಾರೂ ಅಷ್ಟು ಒತ್ತಲಿಲ್ಲ. ಆದ್ದರಿಂದ ಮಲಗಿದ್ದು ಮಲಗಿದಂತೆಯೇ ಇದೆ. ಓರೆ ಪದರದ ಮೇಲೆ ಮಲಗಿದ ಪದರ ಕೂತಿರುವುದನ್ನು ಒಂದೇ ನೋಟದಲ್ಲಿ ನೋಡಬೇಕಾದರೆ ಬೆಳಗಾವಿ ಜಿಲ್ಲೆಯ ರಾಮದುರ್ಗದ ಕಡೆ ಹೋಗಬೇಕು. ಎರಡರ ನಡುವೆ ಇರುವ ಆ ಒಂದು ಗೆರೆಯಲ್ಲಿ ಕೋಟಿಗಟ್ಟಲೆ ವರ್ಷ ಕಳೆದುಹೋಗಿದೆ. ಬೆರಳಿಟ್ಟು ತೋರಿಸಬಹುದು.

ಬಾದಾಮಿ ಹುಡುಗ

ಸರ್, ಹಾಗಾದರೆ ನಮ್ಮಲ್ಲಿ ಗುಹೆ ಕೊರೆದರು, ಬಾಗಲಕೋಟೆಯಲ್ಲಿ ಯಾಕೆ ಕೊರೆಯಲಿಲ್ಲ? ಕಲ್ಲಿನ ಕಾರಣನಾ, ಇಲ್ಲ ರಾಜರು ನಮ್ಮೂರಲ್ಲಿದ್ದರು ಅಂತಾನಾ?

ಕಲ್ಲು ಮಣ್ಣು

ಎರಡೂ. ಆದರೆ ರಾಜ ನಿಮ್ಮೂರಿಗೆ ಬಂದದ್ದಕ್ಕೂ ಕಲ್ಲೇ ಕಾರಣ ಅಂತ ನನ್ನ ಅಭಿಪ್ರಾಯ. 543ರಲ್ಲಿ ಒಂದನೇ ಪುಲಕೇಶಿ ಬಾದಾಮಿ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದ. ಸುತ್ತ ಕಡಿದಾದ ಬಂಡೆ, ಮೇಲೆ ಸಮತಟ್ಟು ಜಾಗ, ಎರಡು ಬೆಟ್ಟದ ನಡುವೆ ಕೆರೆಗೆ ಹೇಳಿ ಮಾಡಿಸಿದ ತಗ್ಗು. ಮಲಗಿದ ಪದರ ಮತ್ತು ನೆಟ್ಟಗಿನ ಬಿರುಕು ಸೇರಿದರೆ ಮಾತ್ರ ಇಂಥ ಬೆಟ್ಟ ಆಗುತ್ತದೆ. ಮರಳುಗಲ್ಲು ಉಳಿಗೆ ಒಗ್ಗುತ್ತದೆ, ಆದರೂ ಸಾವಿರಾರು ವರ್ಷ ನಿಲ್ಲುತ್ತದೆ. ಮೂರನೇ ಗುಹೆಯಲ್ಲಿ ಅದೇ ಪುಲಕೇಶಿಯ ಮಗ ಮಂಗಳೇಶನ 578ರ ಶಾಸನ ಇವತ್ತಿಗೂ ಓದಲು ಬರುತ್ತದೆ.

ಬಾಗಲಕೋಟೆ ಕ್ವಾರ್ಟ್ಜೈಟ್‌ನಲ್ಲಿ ಮರಳಿನ ಕಣಗಳು ಒಂದಕ್ಕೊಂದು ಬೆಸೆದುಹೋಗಿವೆ. ಉಳಿ ಹೊಡೆದರೆ ಉಳಿಯೇ ಮೊಂಡಾಗುತ್ತದೆ. ಒಡೆದರೆ ಚೂಪಾಗಿ, ಅಂಚು ಹರಿತವಾಗಿ ಒಡೆಯುತ್ತದೆ. ಶಿಲ್ಪಿಗೆ ಇದು ಬೇಡ. ಆದರೆ ಶಿಲ್ಪಿಗಿಂತ ಎಷ್ಟೋ ಹಿಂದಿನವರಿಗೆ ಇದೇ ಬೇಕಿತ್ತು. ಘಟಪ್ರಭೆಯ ದಂಡೆಯ ಅನಗವಾಡಿಯಲ್ಲಿ ಹಳೆ ಶಿಲಾಯುಗದ ಕೈಗೊಡಲಿಗಳು ಸಿಕ್ಕಿವೆ. ಕ್ವಾರ್ಟ್ಜೈಟ್ ಉಪಕರಣ. ಭಾರತದಲ್ಲಿ ಇಂಥ ಕಲ್ಲಿನ ಉಪಕರಣವನ್ನು 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರದಲ್ಲಿ ಮೊದಲು ಗುರುತಿಸಿದವನೂ ಇದೇ ಬ್ರೂಸ್ ಫೂಟ್.

ಬೋಳು ಗುಡ್ಡದಲ್ಲಿ ಏನೂ ಇಲ್ಲ ಅಂದಿರಲ್ಲ, ಅದಕ್ಕೆ ಇಷ್ಟು ಬರೆದೆ.

ಹಳೇ ಪೇಟೆಯವಳು

ಸರ್ ಬರೆದದ್ದು ಓದಿ ಖುಷಿಯಾಯಿತು. ನಾವು ಹಳೇ ಬಾಗಲಕೋಟೆಯವರು. ನದಿ ದಂಡೆಯ ಕಪ್ಪು ಮಣ್ಣಿನಿಂದ ಎದ್ದು ಈ ಕೆಂಪು ಕಲ್ಲಿಗೆ ಬಂದವರು. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು 519.60 ಮೀಟರಿಗೆ ನಿಂತಾಗ ನಮ್ಮ ಓಣಿ ಹೋಯಿತು. ಇನ್ನು 524.256ಕ್ಕೆ ಏರಿಸುವ ಮಾತು ವರ್ಷಗಳಿಂದ ನಡೆಯುತ್ತಲೇ ಇದೆ. ಅದಾದರೆ ಉಳಿದವರೂ ಇತ್ತ ಬರಬೇಕು. ಅಂದರೆ ಊರು ಬೆಳೆಯುವುದು ಗುಡ್ಡದ ಕಡೆಗೇ.

ಹಳೇ ಮನೆಯಲ್ಲಿ ಹಿತ್ತಲಲ್ಲಿ ಏನು ಒಗೆದರೂ ಹುಟ್ಟುತ್ತಿತ್ತು. ಇಲ್ಲಿ ಬಂದ ಹೊಸದರಲ್ಲಿ ಒಂದು ಕರಿಬೇವಿನ ಸಸಿಗೆ ಗುಂಡಿ ತೋಡಲು ಹಾರೆಯಿಂದ ಹೊಡೆದರೆ ಕಿಡಿ ಹಾರಿತ್ತು. ಅತ್ತೆ ನಕ್ಕು, ನದಿ ದಂಡೆಯಿಂದ ಚೀಲದಲ್ಲಿ ಮಣ್ಣು ತರಿಸಿದರು. ಆ ಗಿಡ ಇವತ್ತಿಗೂ ಇದೆ, ಆದರೆ ಅದು ನಿಂತಿರುವುದು ಹಳೇ ಊರಿನ ಮಣ್ಣಿನಲ್ಲಿ.

ಇದರ ಮೇಲೆ ಹುಲ್ಲುಹಾಸು ಅಂತೆ! ಆ ಮಣ್ಣು ಎಲ್ಲಿಂದ ತರುತ್ತಾರೆ, ನೀರು ಎಲ್ಲಿಂದ ಏರಿಸುತ್ತಾರೆ, ಏಪ್ರಿಲ್‌ನಲ್ಲಿ ಯಾರು ನೋಡಿಕೊಳ್ಳುತ್ತಾರೆ, ಅರ್ಜಿಯಲ್ಲಿ ಬರೆದಿದೆಯಾ?

ನವನಗರ ವಾಕರ್

ಬರೆದಿಲ್ಲ ಅಕ್ಕಾ. ಅರ್ಜಿಯಲ್ಲಿ ಕಾರಂಜಿಯ ಬಣ್ಣದ ಚಿತ್ರ ಇದೆ.

ಬೆಳಗಿನ ಚಹಾ

ಎಲ್ಲರೂ ಕಲ್ಲು, ಶಿಲಾಯುಗ ಅಂತ ಹೋಗಿಬಿಟ್ಟಿರಿ. ಒಬ್ಬ ಹೆಂಗಸಾಗಿ ಹೇಳುತ್ತೇನೆ ಕೇಳಿ. ನನಗೆ ಸಕ್ಕರೆ ಕಾಯಿಲೆ, ಡಾಕ್ಟರು ದಿನಾ ನಡೆಯಿರಿ ಅಂದಿದ್ದಾರೆ. ಗುಡ್ಡದ ಕಡೆ ಗಾಳಿ ಚೆನ್ನಾಗಿರುತ್ತದೆ. ಆದರೆ ಬೆಳಗ್ಗೆ ಐದೂವರೆಗೆ ಅಲ್ಲಿ ಲೈಟ್ ಇಲ್ಲ, ಕೂರಲು ಜಾಗ ಇಲ್ಲ, ಶೌಚಾಲಯ ಇಲ್ಲ. ಜಾಲಿ ಕಂಟಿಯ ಹಿಂದೆ ಯಾರು ಕೂತಿದ್ದಾರೋ, ಬಾಟಲಿ ಹಿಡಿದುಕೊಂಡು ಯಾರಿದ್ದಾರೋ ಗೊತ್ತಾಗಲ್ಲ. ನಾವೆಲ್ಲ ರಸ್ತೆ ಮೇಲೇ ಲಾರಿ ಹೊಗೆ ಕುಡಿಯುತ್ತಾ ನಡೆಯುತ್ತೇವೆ. ನಿಮಗೆ ಗುಡ್ಡ ಹಾಗೇ ಇರಬೇಕು ಅನಿಸುವುದು ಸರಿ. ನೀವು ಗಂಡಸರು, ಯಾವಾಗ ಬೇಕಾದರೂ ಹತ್ತುತ್ತೀರಿ. ನಾನು ಸಹಿ ಹಾಕಿದ್ದೇನೆ.

ಗೋಳಗುಮ್ಮಟ ಪಕ್ಕದವ

ಮೇಡಂ ಹೇಳಿದ್ದರಲ್ಲಿ ಅರ್ಥ ಇದೆ.

ವಿಜಯಪುರದಿಂದ ಒಂದು ಮಾತು. ನಿಮಗೆ ಜಗಳವಾಡಲು ಗುಡ್ಡನಾದರೂ ಇದೆ! ನಮ್ಮದು ಲಾವಾ ಹರಿದು ಹಾಸಿದ ನೆಲ, ಸುಮಾರು ಆರೂವರೆ ಕೋಟಿ ವರ್ಷದ ಹಿಂದಿನದು. ಏರು ಅಂದರೆ ಮುರ್ರಂ ದಿಬ್ಬ, ತಗ್ಗು ಅಂದರೆ ಡೋಣಿ ಹೊಳೆ ಸಾಲಿನ ಎರೆ ಮಣ್ಣು. ಊರಲ್ಲಿ ಎತ್ತರಕ್ಕೆ ಏರಿ ನೋಡಬೇಕಾದರೆ ಉಪ್ಪಲಿ ಬುರುಜು ಹತ್ತಬೇಕು. ಆದಿಲ್‌ಶಾಹಿಗಳು ಈ ಸಣ್ಣ ಏರುತಗ್ಗನ್ನೇ ನಂಬಿ ತೊರವಿ ಕಡೆಯಿಂದ ಸುರಂಗದಲ್ಲಿ ಊರಿಗೆ ನೀರು ತಂದರು. 1651ರ ಬೇಗಂ ತಾಲಾಬ್ ಕೂಡ ಅದೇ ಲೆಕ್ಕ. ನೀರು ತಾನಾಗಿ ಇಳಿದು ಬರಬೇಕು, ಯಾರೂ ಮೇಲಕ್ಕೆ ಎತ್ತುವಂತಿರಬಾರದು. ನೀವು ಮಾಡಲು ಹೊರಟಿರುವುದು ಅದರ ಉಲ್ಟಾ. ಕುಡಿಯುವ ನೀರನ್ನು ಪಂಪ್ ಹಾಕಿ ಗುಡ್ಡಕ್ಕೆ ಏರಿಸಿ ಕಾರಂಜಿ ಚಿಮ್ಮಿಸುವುದು.

ತೋಟದ ಮನೆ

ಸ್ವಲ್ಪ ತಡೆಯಿರಿ. ಈ ಕಲ್ಲಿನಲ್ಲಿ ಏನೂ ಬೆಳೆಯಲ್ಲ ಅನ್ನುವ ಹಾಗಿಲ್ಲ. 2008ರಲ್ಲಿ ಶುರುವಾದ ತೋಟಗಾರಿಕೆ ವಿಶ್ವವಿದ್ಯಾಲಯ ಇರುವುದು ಇದೇ ನವನಗರದ ಪಕ್ಕ, ಉದ್ಯಾನಗಿರಿಯಲ್ಲಿ. ಅಲ್ಲಿನ ಹಣ್ಣಿನ ತೋಟ ನೋಡಿ ಬನ್ನಿ. ಹನಿ ನೀರಾವರಿ ಇದ್ದು, ಗುಂಡಿಗೆ ಮಣ್ಣು ಗೊಬ್ಬರ ತುಂಬಿದರೆ ಗಿಡ ಬರುತ್ತದೆ. ಪ್ರಶ್ನೆ ಬರುತ್ತದೋ ಇಲ್ಲವೋ ಅಂತಲ್ಲ, ಯಾವಾಗಲೂ ಕೈಹಿಡಿದು ಸಾಕುವವರು ಇದ್ದಾರಾ ಅಂತ. ತೋಟಕ್ಕೆ ಇರುತ್ತಾರೆ. ಗುಡ್ಡದ ಮೇಲಿನ ಪಾರ್ಕಿಗೆ ಉದ್ಘಾಟನೆ ದಿನ ಮಾತ್ರ ಇರುತ್ತಾರೆ.

ನಮ್ಮ ಮಳೆ ವರ್ಷಕ್ಕೆ 550 ರಿಂದ 600 ಮಿಲಿಮೀಟರ್. ಅದೂ ಜಾಸ್ತಿ ಬರುವುದು ಸೆಪ್ಟೆಂಬರ್ ಆಸುಪಾಸಿನಲ್ಲಿ. ಈ ಮಳೆಗೆ, ಈ ಅರ್ಧ ಅಡಿ ಮಣ್ಣಿಗೆ ತಾನಾಗಿ ಒಗ್ಗಿದ ಗಿಡಗಳು ಯಾವುವು ಅಂತ ಗುಡ್ಡವೇ ತೋರಿಸುತ್ತದೆ. ಕಾರೆ, ಕವಳೆ, ಬಾರೆ, ಬಂದರಿಕೆ, ತಂಗಡಿ, ಕಳ್ಳಿ, ಅಲ್ಲಲ್ಲಿ ಒಂದು ದಿಂಡಿಗ. ಬಾದಾಮಿ ಬೆಟ್ಟದಲ್ಲಿ ಸೀತಾಫಲ. ಉಳಿದದ್ದೆಲ್ಲ ಹುಲ್ಲು. ಮಳೆ ಬಿದ್ದ ಮೂರು ತಿಂಗಳು ಹಸಿರು, ಆಮೇಲೆ ಹೊಂಬಣ್ಣ, ಬೇಸಿಗೆಯಲ್ಲಿ ಬೂದು. ಬೇಸಿಗೆಯಲ್ಲಿ ನೋಡಿದವರು ಬೋಳು ಅನ್ನುತ್ತಾರೆ.

ಕುರಿಹಟ್ಟಿ

ನಮ್ಮ ಮನೆಯಲ್ಲಿ ಕುರಿ ಇವೆ. ಅಪ್ಪ ಈಗಲೂ ಮೇಯಿಸುತ್ತಾರೆ, ನಾನು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಪಾರ್ಕ್ ಅಂದರೆ ಮೊದಲು ಬರುವುದು ತಂತಿ ಬೇಲಿ. ಮಳೆಗಾಲದಲ್ಲಿ ಕೆಳಗೆ ಹೊಲದ ತುಂಬ ಬೆಳೆ ಇರುತ್ತದೆ, ಕುರಿ ಇಳಿಸುವಂತಿಲ್ಲ. ಆ ನಾಲ್ಕು ತಿಂಗಳು ಗುಡ್ಡವೇ ಗತಿ. ಅಲ್ಲಿ ಬೇಲಿ ಹಾಕಿದರೆ ಎಲ್ಲಿಗೆ ಹೊಡೆಯುವುದು? ಬೆಳೆ ಕೊಯ್ದ ಮೇಲೆ ಇದೇ ರೈತರು ಕರೆದು ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ, ಗೊಬ್ಬರಕ್ಕೆ. ಗುಡ್ಡ ಇಲ್ಲದಿದ್ದರೆ ಕುರಿ ಇಲ್ಲ, ಕುರಿ ಇಲ್ಲದಿದ್ದರೆ ಗೊಬ್ಬರವೂ ಇಲ್ಲ.

ಇನ್ನೊಂದು. ಮೇಲೆ ಒಂದು ಕಡೆ ಅಗಲವಾದ ಹಾಸುಬಂಡೆ ಇದೆ. ಅದರ ಮೇಲೆ ಪೂರ್ತಿ ಸಣ್ಣ ಸಣ್ಣ ಏಣು, ಒಂದರ ಪಕ್ಕ ಒಂದು, ಬೆರಳಿನಷ್ಟು ಅಂತರ. ಅಪ್ಪ ಅದರ ಮೇಲೆ ಅಂಗಾತ ಮಲಗಿ ಬೆನ್ನು ಉಜ್ಜಿಕೊಳ್ಳುತ್ತಾರೆ. ಬಂಡೆ ಅಂಚಿನಲ್ಲಿ ಏಣಿನ ಸಂದಿಯಲ್ಲಿ ಮಳೆ ನೀರು ಸಾಲು ಸಾಲಾಗಿ ನಿಲ್ಲುತ್ತದೆ, ಗುಬ್ಬಿ ಕುಡಿಯುತ್ತವೆ. ಸರ್, ಅದು ಏನು?

ಕಲ್ಲು ಮಣ್ಣು

ತಮ್ಮಾ, ನಿಮ್ಮಪ್ಪ ಮಲಗುವುದು ಬಹಳ ಹಳೆಯ ನೀರಿನಡಿಯ ಮರಳಿನ ಮೇಲೆ. ಆಳವಿಲ್ಲದ ನೀರು ಅತ್ತಿತ್ತ ಆಡಿದಾಗ ಕೆಳಗಿನ ಮರಳಿನಲ್ಲಿ ಹೀಗೆ ಅಲೆಯ ಗುರುತು ಬೀಳುತ್ತದೆ. ಮಲಪ್ರಭೆಯ ದಂಡೆಯಲ್ಲಿ ನೀರು ಇಳಿದಾಗ ಇವತ್ತೂ ನೋಡಬಹುದು. ಏಣಿನ ಎರಡೂ ಬದಿ ಒಂದೇ ಸಮ ಇಳಿಜಾರಾಗಿದ್ದರೆ ನೀರು ಹಿಂದೆ ಮುಂದೆ ತೂಗಾಡುತ್ತಿತ್ತು. ಒಂದು ಬದಿ ಕಡಿದು, ಇನ್ನೊಂದು ಬದಿ ಇಳಿಜಾರು ಇದ್ದರೆ ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಮುಂದಿನ ಸಲ ಬೆರಳಾಡಿಸಿ ನೋಡಿ ಹೇಳು. ಆಗ ಭೂಮಿ ಮೇಲೆ ಹುಲ್ಲೂ ಇರಲಿಲ್ಲ, ಮೀನೂ ಇರಲಿಲ್ಲ. ಈ ಜಲಾನಯನದ ಡೋಲೊಮೈಟ್ ಎಂಬ ಸುಣ್ಣಕಲ್ಲಿನ ಜಾತಿಯ ಕಲ್ಲಿನಲ್ಲಿ ಸ್ಟ್ರೊಮಟೊಲೈಟ್ ಅಂತ ಸುತ್ತು ಸುತ್ತಾದ ಪದರಗಳು ಸಿಗುತ್ತವೆ. ಅವು ಆ ಕಾಲದ ಸೂಕ್ಷ್ಮಜೀವಿಗಳು ಬಿಟ್ಟುಹೋದದ್ದು. ನಮ್ಮ ಕಡೆ ಸಿಗುವ ಅತಿ ಹಳೆಯ ಜೀವದ ಗುರುತು ಅಂದರೆ ಇವೇ.

ಪೇವರ್ ಹಾಕಲು ಬುಲ್ಡೋಜರ್ ಏರಿದರೆ ಮೊದಲು ಹೋಗುವುದು ಇಂಥ ಹಾಸುಬಂಡೆಯೇ. ಸಮತಟ್ಟಾಗಿರುತ್ತದಲ್ಲ.

ಬೆಳಗಾವಿ ಕ್ಯಾಂಪ್

ನಮ್ಮಲ್ಲಿ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಇದೆ. ಹಿಂದೆ ಸಿಡುಬಿನ ಲಸಿಕೆ ತಯಾರಿಸುತ್ತಿದ್ದ ಜಾಗ. ಊರ ನಡುವೆ ಅಷ್ಟು ಮರ ಉಳಿದಿರುವುದೇ ಆಶ್ಚರ್ಯ. ಅಲ್ಲೂ ಕಟ್ಟಡ, ಹಾದಿ, ಅಭಿವೃದ್ಧಿ ಅಂತ ಬಂದಾಗ ಜನ ಬೀದಿಗಿಳಿದರು. ಹಾಗಂತ ಬೆಳಗಾವಿಯನ್ನು ನೋಡಿ ಬಾಗಲಕೋಟೆಯಲ್ಲಿ ಮರ ನೆಡಬೇಡಿ. ನಮಗೆ ನಿಮ್ಮ ಎರಡು ಪಟ್ಟು ಮಳೆ, ಕೆಳಗೆ ಜಂಬಿಟ್ಟಿಗೆ. ಮರ ಕೇಳದೆ ಬೆಳೆಯುತ್ತದೆ.

ಬಾದಾಮಿ ಹುಡುಗ

ಆಲಮಟ್ಟಿ ಮಾತ್ರ ಯಾಕೆ ಯಾರೂ ಹೇಳಲಿಲ್ಲ? ರಾಕ್ ಗಾರ್ಡನ್, ಲವಕುಶ ಉದ್ಯಾನ, ಸಂಗೀತ ಕಾರಂಜಿ ಎಲ್ಲ ಇವೆ. ಭಾನುವಾರ ಕಾಲಿಡಲು ಜಾಗ ಇರಲ್ಲ. ಜನರಿಗೆ ಬೇಕಾದ್ದು ಅದೇ ಅಲ್ವಾ?

ಹಳೇ ಪೇಟೆಯವಳು

ಆಲಮಟ್ಟಿಯಲ್ಲಿ ಪಕ್ಕದಲ್ಲೇ ಸಮುದ್ರದಷ್ಟು ನೀರಿದೆ ತಮ್ಮಾ. ಅದರಲ್ಲಿ ನಮ್ಮ ಮನೆಯೂ ಇದೆ. ಈ ಭಾಗಕ್ಕೆ ಅಂಥದ್ದೊಂದು ಸಾಕು.

ದಿಲ್ಲಿ ರಿಟರ್ನ್

ಈ ಥ್ರೆಡ್ ಓದುತ್ತಾ ಓದುತ್ತಾ ದಿಲ್ಲಿ ನೆನಪಾಯಿತು. ಕೆಲಸದ ಮೇಲೆ ಅಲ್ಲಿ ಬಹಳ ವರ್ಷ ಇದ್ದು ಈಗ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ ಮಾಡಿದ್ದೇನೆ. ಅಲ್ಲಿ ರಿಡ್ಜ್ ಅಂತ ಒಂದು ಸಾಲು ಇದೆ, ಅರಾವಳಿಯ ಬಾಲದ ತುದಿ. ಅದೂ ತಗ್ಗು ಗುಡ್ಡ, ಅದೂ ಕ್ವಾರ್ಟ್ಜೈಟ್, ಅದೂ ಊರಿನ ಹೊಟ್ಟೆಯೊಳಗೆ. ನಮ್ಮ ಗುಡ್ಡ ಮುಂದೆ ಏನಾಗಬಹುದು ಅಂತ ಅಲ್ಲಿ ನೋಡಿಬಿಡಬಹುದು.

ರಿಡ್ಜ್ ಒಂದೇ ಸಾಲಾಗಿ ಉಳಿದಿಲ್ಲ, ತುಂಡಾಗಿದೆ. ಉತ್ತರದ ತುಂಡು ವಿಶ್ವವಿದ್ಯಾಲಯದ ಪಕ್ಕ, ಬರೀ 87 ಹೆಕ್ಟೇರ್. ನಡುವಿನದು 864 ಹೆಕ್ಟೇರ್. ಆಮೇಲೆ ಮೆಹ್ರೌಲಿ ಕಡೆಯದು. ದಕ್ಷಿಣದ್ದು ದೊಡ್ಡದು, ಅದರಲ್ಲಿ ಅಸೋಲಾ ಭಟ್ಟಿ ವನ್ಯಜೀವಿ ಧಾಮ ಇದೆ. ಎಲ್ಲ ಸೇರಿ 7,777 ಹೆಕ್ಟೇರ್ ಲೆಕ್ಕ. 1994ರಲ್ಲಿ ಕಾಯ್ದಿಟ್ಟ ಅರಣ್ಯ ಅಂತ ಅಧಿಸೂಚನೆ ಹೊರಟಿತು. ಅದಕ್ಕೂ ಮುಂಚೆ ರಸ್ತೆ, ಕಾಲೊನಿ, ಕಲ್ಲು ಗಣಿ ಅಂತ ಬೇಕಾದಷ್ಟು ಕಡಿದಿದ್ದರು. ಭಟ್ಟಿಯಲ್ಲಿ ಗಣಿ ತೋಡಿದ ಗುಂಡಿಗಳು ಈಗಲೂ ಬಾಯಿ ಬಿಟ್ಟುಕೊಂಡಿವೆ.

ಪಾರ್ಕುಗಳೂ ಇವೆ. ನಡುವಿನ ರಿಡ್ಜ್‌ನಲ್ಲಿ ಬುದ್ಧ ಜಯಂತಿ ಪಾರ್ಕ್, ಹುಲ್ಲುಹಾಸು, ಹೂವು, ಪ್ರೇಮಿಗಳು ಎಲ್ಲ. ಅಲ್ಲಿಂದ ಬೇಲಿ ದಾಟಿ ಈಚೆ ಬಂದರೆ ಪೂರ್ತಿ ಮುಳ್ಳಿನ ಕಾಡು. ಆ ಮುಳ್ಳು ಯಾವುದು ಗೊತ್ತಾ? ನಮ್ಮ ಬಳ್ಳಾರಿ ಜಾಲಿ! ಅವರು ವಿಲಾಯತಿ ಕೀಕರ್ ಅನ್ನುತ್ತಾರೆ. ಹೊಸ ರಾಜಧಾನಿ ಕಟ್ಟುವಾಗ ಬ್ರಿಟಿಷರಿಗೂ ಗುಡ್ಡ ಬೋಳಾಗಿ ಕಂಡಿತು. ಹಸಿರು ಮಾಡಬೇಕು ಅಂತ ಅಮೆರಿಕ ಖಂಡದ ಈ ಗಿಡ ತಂದು ಹಾಕಿದರು. ಬೇಗ ಹಸಿರಾಯಿತು. ಆಮೇಲೆ ಅದರ ಕೆಳಗೆ ಬೇರೇನೂ ಹುಟ್ಟಲಿಲ್ಲ. ಅಲ್ಲಿನ ಮೂಲ ಮರ ಧೌ ಅಂತ, ನಮ್ಮ ದಿಂಡಿಗದ ದಾಯಾದಿ. ಅದು ಹಿಂದೆ ಸರಿಯಿತು. ಈಗ ನೂರು ವರ್ಷ ಆದ ಮೇಲೆ ಅದೇ ಕೀಕರ್ ತೆಗೆಯಲು ಸರ್ಕಾರ ಹಣ ಇಡುತ್ತಿದೆ.

ಅದಕ್ಕೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬೋಳು ಅಂತ ಕಂಡ ಗುಡ್ಡವನ್ನು ಹಸಿರು ಮಾಡುವ ಆತುರವೇ ಗುಡ್ಡಕ್ಕೆ ದೊಡ್ಡ ಕಂಟಕ. ಕಾರಂಜಿ ಎರಡು ವರ್ಷಕ್ಕೆ ಕೆಟ್ಟು ನಿಲ್ಲುತ್ತದೆ, ಅದು ಬಿಡಿ. ತಪ್ಪು ಗಿಡ ಹಾಕಿದರೆ ಮೊಮ್ಮಕ್ಕಳ ಕಾಲಕ್ಕೂ ಹೋಗಲ್ಲ.

ಕುರಿಹಟ್ಟಿ

ಬಳ್ಳಾರಿ ಜಾಲಿ ನಮ್ಮ ಗುಡ್ಡಕ್ಕೂ ಆಗಲೇ ಏರಿದೆ ಅಣ್ಣಾ. ಕೆಳಗಿನ ಅಂಚಿನಿಂದ ಶುರುವಾಗಿದೆ. ಇದರಲ್ಲಿ ಕುರಿಗಳ ಪಾಲೂ ಇದೆ. ಕಾಯಿ ಸಿಹಿ, ತಿಂದು ಬಂದು ಹಿಕ್ಕೆಯಲ್ಲಿ ಬೀಜ ಬಿಡುತ್ತವೆ, ಅಲ್ಲೇ ಹುಟ್ಟುತ್ತದೆ. ಅದರ ಅಡಿಯಲ್ಲಿ ಹುಲ್ಲು ಸತ್ತೇ ಹೋಗುತ್ತದೆ. ಅಪ್ಪ ಕೊಡಲಿಯಿಂದ ಕಡಿಯುತ್ತಾರೆ, ಒಂದು ಬೊಡ್ಡೆಗೆ ಆರು ಕವಲು ಒಡೆದು ಬರುತ್ತದೆ. ಮುಳ್ಳು ಚಪ್ಪಲಿ ದಾಟಿ ಕಾಲಿಗೆ ಇಳಿದರೆ ವಾರಗಟ್ಟಲೆ ಕೀವು.

ಬೆಳಗಿನ ಚಹಾ

ಅಂದರೆ ನನಗೆ ಹೆದರಿಕೆ ಹುಟ್ಟಿಸುವ ಕಂಟಿಯೂ ನಿಮ್ಮ ಹುಲ್ಲು ಕೊಲ್ಲುವ ಕಂಟಿಯೂ ಒಂದೇ. ಹಾಗಾದರೆ ಮೊದಲು ಅದನ್ನು ತೆಗೆಸಿ ಅಂತ ಯಾಕೆ ಅರ್ಜಿ ಕೊಡಬಾರದು?

ತೋಟದ ಮನೆ

ಸರಿಯಾದ ಮಾತು ಮೇಡಂ. ಆದರೆ ಒಂದೇ ಸಲ ಜೆಸಿಬಿ ತಂದು ಕೀಳಿಸಬೇಡಿ. ಇಳಿಜಾರಿನ ಮಣ್ಣು ಮೊದಲ ಮಳೆಗೇ ಕೆಳಗೆ ಬರುತ್ತದೆ, ನಿಮ್ಮ ಗಟಾರಕ್ಕೆ. ದಿಲ್ಲಿಯಲ್ಲಿ ಪ್ರೊಫೆಸರ್ ಸಿ. ಆರ್. ಬಾಬು ಅವರ ತಂಡ ಬೇರೆ ದಾರಿ ಹಿಡಿಯಿತು. ಮರ ಕಡಿಯದೆ ಕೆಳಗಿನ ಕೊಂಬೆಗಳನ್ನು ಸವರಿ ಬೆಳಕು ಬಿಡುವುದು, ಆ ಬೆಳಕಿನಲ್ಲಿ ಸ್ಥಳೀಯ ಗಿಡ ಎಬ್ಬಿಸುವುದು. ಆ ಗಿಡಗಳು ಮೇಲೆ ಬಂದ ಮೇಲೆ ಜಾಲಿ ತಾನೇ ಸೊರಗುತ್ತದೆ. ದೊಡ್ಡ ಮರ ಇರುವಲ್ಲಿ ಇದು ಒಳ್ಳೆಯದು. ನಮ್ಮಲ್ಲಿ ಇನ್ನೂ ಸಣ್ಣ ಕಂಟಿ, ಅದನ್ನು ಮಳೆ ಬಿದ್ದು ನೆಲ ಮೆತ್ತಗಾದಾಗ ಬೇರಿನ ಗಂಟು ಸಮೇತ ಕಿತ್ತರೆ ಸಾಕು. ನೆಲದ ಮೇಲೆ ಕಡಿದರೆ ಪ್ರಯೋಜನ ಇಲ್ಲ, ಕುರಿಹಟ್ಟಿಯವರು ಹೇಳಿದ ಹಾಗೆ ಆರು ಕವಲು ಬರುತ್ತದೆ.

ಗೋಳಗುಮ್ಮಟ ಪಕ್ಕದವ

ಹುಲ್ಲು ಕಂಟಿಯ ಗುಡ್ಡಕ್ಕೆ ಬೆಲೆ ಇಲ್ಲ ಅನ್ನುವವರಿಗೆ ಯಡಹಳ್ಳಿ ತೋರಿಸಿ. ನಿಮ್ಮದೇ ಜಿಲ್ಲೆ, ಮುಧೋಳ ಬೀಳಗಿ ನಡುವೆ. ಸುಮಾರು 96 ಚದರ ಕಿಲೋಮೀಟರ್, 2016ರಲ್ಲಿ ಚಿಂಕಾರ ವನ್ಯಜೀವಿ ಧಾಮ ಅಂತ ಘೋಷಣೆ ಆಯಿತು. ಚಿಂಕಾರ ಎಂಬ ಸಣ್ಣ ಹುಲ್ಲೆಗೆ ದಟ್ಟ ಕಾಡು ಬೇಡ, ಇಂಥ ಕುರುಚಲೇ ಬೇಕು. ತೋಳಕ್ಕೂ ಅಷ್ಟೇ.

ಕಲ್ಲು ಮಣ್ಣು

ನೀರಿನ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಕ್ವಾರ್ಟ್ಜೈಟ್ ನೀರು ಹೀರುವುದಿಲ್ಲ, ಆದರೆ ಅದರ ತುಂಬ ಬಿರುಕು. ಮಳೆ ನೀರು ಬಿರುಕಿನಲ್ಲಿ ಇಳಿಯುತ್ತದೆ, ಪದರ ಓರೆಯಾಗಿರುವುದರಿಂದ ಆ ಓರೆ ಹಿಡಿದು ಕೆಳಗೆ ಹೋಗುತ್ತದೆ, ಗುಡ್ಡದ ಬುಡದಲ್ಲಿ ಬಾವಿಗೆ ಸಿಗುತ್ತದೆ. ಬಾದಾಮಿ ಕಡೆ ಮರಳುಗಲ್ಲಿನ ಬೆಟ್ಟವೂ ಇದೇ ಕೆಲಸ ಮಾಡುತ್ತದೆ. ಮಹಾಕೂಟದ ಪುಷ್ಕರಣಿಯಲ್ಲಿ ಕಡು ಬೇಸಿಗೆಯಲ್ಲೂ ನೀರಿರುವುದು ಅದಕ್ಕೇ. (ಅಲ್ಲಿದ್ದ ಮಂಗಳೇಶನ ಶಾಸನದ ಕಂಬ ಈಗ ಗೋಳಗುಮ್ಮಟದ ಮ್ಯೂಸಿಯಂನಲ್ಲಿದೆ, ಪಕ್ಕದವರು ಒಮ್ಮೆ ಹೋಗಿ ನೋಡಿ.) ಬಾಗಲಕೋಟೆ ಪಕ್ಕದ ಮುಚಖಂಡಿ ಕೆರೆಗೂ ಸುತ್ತಲಿನ ಗುಡ್ಡದ ನೀರೇ ಜೀವ.

ಗುಡ್ಡದ ಮೇಲೆ ಸಿಮೆಂಟ್ ಹಾಕಿದರೆ ಬಿರುಕಿನ ಬಾಯಿ ಮುಚ್ಚುತ್ತದೆ. ನೀರು ಒಳಗೆ ಇಳಿಯದೆ ಹೊರಗೆ ಓಡುತ್ತದೆ. ಆಗ ಕೆಳಗಿನ ಮನೆಗೆ ಮಳೆಗಾಲದಲ್ಲಿ ನೀರು ನುಗ್ಗುತ್ತದೆ, ಬೇಸಿಗೆಯಲ್ಲಿ ಬೋರ್ ಒಣಗುತ್ತದೆ. ಹುಲ್ಲು ಆ ನೀರನ್ನು ತಡೆತಡೆದು ಬಿಡುತ್ತದೆ, ಅದರ ಕೆಲಸ ಅದೇ.

ನವನಗರ ವಾಕರ್

ಎಲ್ಲರಿಗೂ ಥ್ಯಾಂಕ್ಸ್. ನಿಮ್ಮ ಮಾತೆಲ್ಲ ಸೇರಿಸಿ ಬೇರೆ ಅರ್ಜಿಯ ಕರಡು ಬರೆದಿದ್ದೇನೆ. ನೋಡಿ ಹೇಳಿ.

ಪಾರ್ಕ್ ಬೇಕು, ಆದರೆ ಗುಡ್ಡದ ಬುಡದಲ್ಲಿ, ರಸ್ತೆಗೆ ತಾಗಿದ ಜಾಗದಲ್ಲಿ. ಅಲ್ಲೇ ಲೈಟು, ಶೌಚಾಲಯ, ಬೆಂಚು, ಮಕ್ಕಳ ಜೋಕಾಲಿ, ಬೇವು ಹೊಂಗೆಯ ನೆರಳು, ಬೆಳಗ್ಗೆ ಸಂಜೆ ಒಬ್ಬ ಕಾವಲುಗಾರ. ಗುಡ್ಡದ ಬುಡವನ್ನು ಸುತ್ತಿ ಮುರ್ರಂ ಹಾಸಿದ ನಡಿಗೆ ಹಾದಿ. ಮೇಲಕ್ಕೆ ಈಗಿರುವ ಕಾಲುಹಾದಿಯೇ ಸಾಕು, ಸಿಮೆಂಟ್ ಬೇಡ, ಬೇಲಿ ಬೇಡ, ಕುರಿಯ ದಾರಿ ಹಾಗೇ ಇರಲಿ. ಬಳ್ಳಾರಿ ಜಾಲಿಯನ್ನು ಮಳೆಗಾಲದಲ್ಲಿ ಬೇರು ಸಮೇತ ಕೀಳಿಸುವುದು, ಒಂದು ವರ್ಷಕ್ಕೆ ಒಂದು ಪಟ್ಟಿ. ಮೇಲೆ ಗಿಡ ನೆಡುವುದಾದರೆ ಕಾರೆ, ಕವಳೆ, ದಿಂಡಿಗ ಮಾತ್ರ, ಅದೂ ಮಣ್ಣು ನಿಂತ ಕೊಳ್ಳದಲ್ಲಿ. ಹಾಸುಬಂಡೆಯ ಹತ್ತಿರ ಒಂದು ಬೋರ್ಡ್, ಏನು ಬರೆಯಬೇಕು ಅಂತ ಸರ್ ಹೇಳುತ್ತಾರೆ.

ಬೆಳಗಿನ ಚಹಾ ಮೇಡಂ, ಇದಕ್ಕೆ ಸಹಿ ಹಾಕುತ್ತೀರಾ?

ಬೆಳಗಿನ ಚಹಾ

ಲೈಟು ಮತ್ತು ಶೌಚಾಲಯದ ಸಾಲನ್ನು ಮೊದಲಿಗೆ ತನ್ನಿ, ಹಾಕುತ್ತೇನೆ. ಶೌಚಾಲಯಕ್ಕೆ ನೀರು, ಬೀಗದ ಕೈ ಯಾರ ಹತ್ತಿರ ಅನ್ನುವುದನ್ನೂ ಬರೆಯಿರಿ. ಕಟ್ಟಿಸಿ ಬೀಗ ಹಾಕಿಟ್ಟದ್ದು ಬೇಕಾದಷ್ಟು ನೋಡಿದ್ದೇವೆ.

ಬಾದಾಮಿ ಹುಡುಗ

ಸೆಲ್ಫಿ ಪಾಯಿಂಟ್ ಪೂರ್ತಿ ಕ್ಯಾನ್ಸಲ್ಲಾ?

ಹಳೇ ಪೇಟೆಯವಳು

ಗುಡ್ಡದ ತುದಿಯಲ್ಲಿ ನಿಂತರೆ ಎಲ್ಲಾ ಸೆಲ್ಫಿ ಪಾಯಿಂಟೇ ತಮ್ಮಾ.

ಕುರಿಹಟ್ಟಿ

ಒಂದು ಸೇರಿಸಿ ಅಣ್ಣಾ. ಫೆಬ್ರವರಿ ಮಾರ್ಚ್‌ನಲ್ಲಿ ಒಣ ಹುಲ್ಲಿಗೆ ಯಾರೋ ಬೀಡಿ ಎಸೆದು ಬೆಂಕಿ ಬೀಳುತ್ತದೆ. ಒಮ್ಮೆ ಬಿದ್ದರೆ ಪೂರ್ತಿ ಇಳಿಜಾರು ಹೋಗುತ್ತದೆ, ಗೌಜಲ ಹಕ್ಕಿಯ ಮೊಟ್ಟೆ, ಸಣ್ಣ ಸಸಿ ಎಲ್ಲ. ಜನವರಿ ಮುಗಿಯುವುದರೊಳಗೆ ಹಾದಿಯ ಎರಡೂ ಬದಿ ಹುಲ್ಲು ಕೊಯ್ದು ಬೆಂಕಿ ಗೆರೆ ಬಿಡಿಸಬೇಕು. ಕೊಯ್ದ ಹುಲ್ಲು ನಮಗೇ ಕೊಟ್ಟರೆ ಕೂಲಿ ಕೇಳಲ್ಲ, ನಮ್ಮವರೇ ಮಾಡಿಕೊಡುತ್ತೇವೆ.

ನವನಗರ ವಾಕರ್

ಸೇರಿಸಿದೆ. ಕುರಿಹಟ್ಟಿ, ನಿಮ್ಮಪ್ಪನ ಸಹಿಯೂ ಬೇಕು. ಈ ವಾರ ಅವರು ಯಾವ ಕಡೆ ಮೇಯಿಸುತ್ತಿದ್ದಾರೆ ಹೇಳಿ, ಅಲ್ಲಿಗೇ ಬರುತ್ತೇನೆ.